ಹೆರಿಗೆಯ ಆಚೆಗಿನ ಮೂವತ್ತು ವರ್ಷ: ಕರ್ನಾಟಕದ ಸ್ತ್ರೀರೋಗ ಸಂಶೋಧನೆ ನಡೆದ ಹಾದಿ

ಸ್ತ್ರೀರೋಗ ತಜ್ಞರ ಸಮ್ಮೇಳನಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: ಹಳ್ಳಿಯ ಹೆಣ್ಣುಮಕ್ಕಳ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು, ಸಂಶೋಧನೆ ಇನ್ನು ಪಿಸಿಒಎಸ್, ಬಂಜೆತನ, ರೋಬಾಟ್ ಶಸ್ತ್ರಚಿಕಿತ್ಸೆಗಳತ್ತ ಹೊರಳಬೇಕು. ಇದಕ್ಕೆ ಆಧಾರವಾಗಿ ಕೊಡುವ ಅಂಕಿಗಳು ಸುಳ್ಳಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ತುಮಕೂರು, ಗುಬ್ಬಿ, ಕುಣಿಗಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ಬೆಳಿಗ್ಗೆ ನಿಲ್ಲುವವರು ಬಸುರಿಯರಷ್ಟೇ ಅಲ್ಲ. ಬಿಳಿ ಹೋಗುತ್ತೆ, ಸೊಂಟ ಬಿದ್ದುಹೋಗಿದೆ, ಮುಟ್ಟು ನಿಲ್ಲುತ್ತಿಲ್ಲ, ಗರ್ಭಕೋಶ ಜಾರಿದೆ ಎಂದು ದನಿ ತಗ್ಗಿಸಿ ಹೇಳುವ ಮೂವತ್ತರಿಂದ ಅರವತ್ತರ ಹೆಂಗಸರೂ ಇದ್ದಾರೆ. ಇವರು ನಮ್ಮ ಸಂಶೋಧನೆಯ ಕಣ್ಣಿಗೆ ಎಷ್ಟು ಬಿದ್ದಿದ್ದಾರೆ ಎಂಬುದು ಈ ಕ್ಷೇತ್ರ ನಡೆದ ಹಾದಿಯನ್ನು ನೋಡಿದರೆ ತಿಳಿಯುತ್ತದೆ.

ಮೊದಲ ಘಟ್ಟದ ಚಿಂತೆ ಜನಸಂಖ್ಯೆಯದು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥ ಕೆಲಸಕ್ಕೆ ಇಳಿದದ್ದು ಆಗ ಜಗತ್ತಿನಲ್ಲೇ ಅಪರೂಪ. 1950ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ‘ಸುರಕ್ಷಿತ ದಿನ’ಗಳ ಪದ್ಧತಿಯನ್ನು ದೆಹಲಿಯ ಲೋದಿ ಕಾಲೊನಿಯಲ್ಲೂ ಕುಣಿಗಲ್ಲಿಗೆ ದೂರವಲ್ಲದ ರಾಮನಗರದಲ್ಲೂ ಪರೀಕ್ಷಿಸಲಾಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಕಡೆಯವರೆಗೆ ಪಾಲಿಸಿದ ದಂಪತಿಗಳು ಕೆಲವರೇ. 1973ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಜನಸಂಖ್ಯಾ ಯೋಜನೆ ತುಮಕೂರು ಸೇರಿದ್ದ ಬೆಂಗಳೂರು ವಿಭಾಗಕ್ಕೆ ಬಂತು. ಎಷ್ಟು ಹೆತ್ತೆ, ಯಾವಾಗ ನಿಲ್ಲಿಸುತ್ತೀ ಎಂದು ಕೇಳಿದವರು ಬಹಳ ಮಂದಿ. ನಿನಗೇನು ನೋವು ಎಂದು ಕೇಳಿದವರು ವಿರಳ.

ಆ ಪ್ರಶ್ನೆ ಎದ್ದದ್ದು ನೆರೆಯ ಮಹಾರಾಷ್ಟ್ರದಲ್ಲಿ. ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಎಂಟೇ ಮಂದಿ. ಇದರ ಬೆನ್ನಿಗೇ ಸಂಶೋಧಕರಾದ ಭಾಟಿಯಾ ಮತ್ತು ಕ್ಲೆಲಂಡ್ 1993ರಲ್ಲಿ ಕರ್ನಾಟಕದ 3,600 ಎಳೆಯ ತಾಯಂದಿರನ್ನು ಮಾತಾಡಿಸಿದರು. ಮೂವರಲ್ಲಿ ಒಬ್ಬಳು ಇಂಥ ತೊಂದರೆ ಹೇಳಿಕೊಂಡಳು. ನಮ್ಮ ರಾಜ್ಯದಲ್ಲಿ ಹೊಸ ಶಾಖೆಯೊಂದನ್ನೇ ಹುಟ್ಟಿಸಬಹುದಾಗಿದ್ದ ಈ ಕೆಲಸವನ್ನು ಮುಂದಕ್ಕೆ ಒಯ್ದವರು ಸಾಕಷ್ಟಿಲ್ಲ.

ನಮ್ಮ ತಲೆಮಾರಿನ ಶಕ್ತಿ ಹರಿದದ್ದು ಬಸಿರು–ಹೆರಿಗೆಗಳತ್ತ, ಮತ್ತು ಅಲ್ಲಿ ಆದ ಸಾಧನೆ ದೊಡ್ಡದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದವರನ್ನು ಹುಡುಕಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಗೊತ್ತಾಯಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ನೂರಕ್ಕೆ ಆರು ಬಸುರಿಯರಲ್ಲಿ ಸಕ್ಕರೆ ಕಾಯಿಲೆ ಕಂಡು, ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿತು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಕೆಲಸವನ್ನು ನಾನು ಇದಕ್ಕಿಂತಲೂ ಎತ್ತರದಲ್ಲಿಡುತ್ತೇನೆ. ಶಿವಪ್ರಸಾದ ಗೌಡರ್, ಭಾಲಚಂದ್ರ ಕೊಡಕಣಿ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡ ಪ್ರಯೋಗವನ್ನು ದೊಡ್ಡಾಸ್ಪತ್ರೆಯಿಂದ ಎತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸರಹದ್ದಿಗೆ ಒಯ್ದಿತು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳೇ 1,620 ಹೆಂಗಸರ ಪೈಕಿ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು, ಹೋದ ರಕ್ತವನ್ನು ಅಳೆದರು. ವಿಪರೀತ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಬಂದ ಈ ಫಲಿತಾಂಶದಂಥ ಪುರಾವೆಗಳ ಬಲದಿಂದಲೇ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಗೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ಸಿಸ್ಟರ್ ಅತ್ಯುತ್ತಮ ಸಂಶೋಧಕಿಯಾಗಬಲ್ಲಳು ಎಂಬುದು ಅಂದೇ ಸಾಬೀತಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ತಂಡ 11,000 ಬಸುರಿಯರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗ ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಮಾಡುವ ಕೆಲಸವನ್ನು 500 ಮಿಲಿಗ್ರಾಮೇ ಮಾಡುತ್ತದೆಂದು ತೋರಿಸಿತು. ಮಾತ್ರೆಯ ಹೊರೆಯನ್ನು ಇಳಿಸುವ ಇಂಥ ಸಂಶೋಧನೆಯೇ ನಮಗೆ ಬೇಕಾದದ್ದು.

ಇನ್ನು ನಮ್ಮ ತುಮಕೂರು ಜಿಲ್ಲೆ. ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಲ್ಲಿ ಬಂತು, ಶ್ರೀದೇವಿ 2013ರಲ್ಲಿ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ಬಹುಪಾಲು ವಾರ್ಡಿಗೆ ಬಂದವರನ್ನು ನೋಡಿ, ಡಿಸ್ಚಾರ್ಜ್ ಆದ ದಿನಕ್ಕೆ ಮುಗಿಯುತ್ತವೆ. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕೈಚಳಕಕ್ಕೆ ಸನ್ಮಾನ ಸಿಕ್ಕಷ್ಟು ವೈದ್ಯಕೀಯ ಅಧ್ಯಯನ ಸಿಗಲಿಲ್ಲ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆಯ ಗುಡಿಸಲಲ್ಲಿಡುವ ಪದ್ಧತಿಯಿದೆ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಅಂಥ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಾಗ ಸುದ್ದಿಯಾಯಿತು, ಅಧಿಕಾರಿಗಳು ಬಂದುಹೋದರು. ಅಲ್ಲಿನ ಬಾಣಂತಿಯರ ನಂಜು, ರಕ್ತಹೀನತೆಗಳನ್ನು ವರ್ಷಗಟ್ಟಲೆ ಅಳೆಯುವ ಕೆಲಸ ಬಾಕಿಯಿದೆ. ರಕ್ತಹೀನತೆಯ ವಿಷಯಕ್ಕೇ ಬಂದರೆ, ದೆಹಲಿಯಲ್ಲಿ ಸಂಶೋಧಕಿ ಸುಶೀಲಾ ಅವರ ತಂಡ ಬಸುರಿಯರ ನೀರು, ಆಹಾರದಲ್ಲಿ ಫ್ಲೋರೈಡ್ ತಗ್ಗಿಸಿದಾಗ ಹಿಮೋಗ್ಲೋಬಿನ್ ಏರಿದ್ದನ್ನು 2010ರಲ್ಲೇ ವರದಿ ಮಾಡಿದೆ. ಫ್ಲೋರೈಡ್ ನೀರು ಕುಡಿಯುವ ನಮ್ಮ ಜಿಲ್ಲೆಯಲ್ಲಿ ಕಬ್ಬಿಣದ ಮಾತ್ರೆ ಕೆಲಸ ಮಾಡಲಿಲ್ಲವೆಂದರೆ ಇವತ್ತಿಗೂ ಬೈಗುಳ ಬೀಳುವುದು ಮಾತ್ರೆ ನುಂಗಲಿಲ್ಲವೆಂದು ಆ ಹೆಂಗಸಿಗೇ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ. ರಾಜ್ಯದ ವಿವಾಹಿತ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಮಕ್ಕಳಾಗದಂತೆ ‘ಆಪರೇಷನ್’ ಮಾಡಿಸಿಕೊಂಡವರು, ಹಲವರು ಇಪ್ಪತ್ತೈದರ ಆಸುಪಾಸಿನಲ್ಲೇ. ಅಲ್ಲಿಗೆ ತಾಯಿ ಕಾರ್ಡೂ ಮುಗಿಯಿತು, ಆಶಾ ಕಾರ್ಯಕರ್ತೆಯ ಭೇಟಿಯೂ ವಿರಳವಾಯಿತು. ಮುಂದಿನ ಮೂವತ್ತು ವರ್ಷದ ರಕ್ತಸ್ರಾವ, ಸೋಂಕು, ಗರ್ಭಕಂಠದ ಕ್ಯಾನ್ಸರಿನ ಭಯ ಕಡೆಗೆ ಹಲವರ ಪಾಲಿಗೆ ಖಾಸಗಿ ನರ್ಸಿಂಗ್ ಹೋಮಿನ ಟೇಬಲ್ಲಿನ ಮೇಲೆ ಗರ್ಭಕೋಶ ತೆಗೆಸಿಕೊಳ್ಳುವುದರಲ್ಲಿ ಕೊನೆಗಾಣುತ್ತದೆ. ಅಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡುವ ಮಾರ್ಗಸೂಚಿ ಜಾರಿಗೊಳಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಸಂಶೋಧಕರು ಕೇಳಬೇಕಿದ್ದ ಪ್ರಶ್ನೆಯನ್ನು ನ್ಯಾಯಾಲಯ ಕೇಳಿತು.

ಆ ಪ್ರಶ್ನೆಗೆ ಉತ್ತರ ಹುಡುಕಲು ಕೋಟಿಗಟ್ಟಲೆ ಹಣ ಬೇಡ. ಮೈಸೂರಿನಲ್ಲಿ ಜಗತ್ತು ಗಮನಿಸುವಂಥ ವಿಜ್ಞಾನ ಹುಟ್ಟಿದ್ದು ಶ್ರದ್ಧೆಯಿಂದ ಬರೆದಿಟ್ಟ ದಾಖಲೆ ಪುಸ್ತಕಗಳಿಂದ; ಬೆಳಗಾವಿಯಲ್ಲಿ ಅದನ್ನು ನಡೆಸಿಕೊಟ್ಟವರು ಸಿಸ್ಟರ್‌ಗಳು. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪರೇಷನ್ ಆದ ಪ್ರತಿಯೊಬ್ಬಳ ಹೆಸರನ್ನೂ ಗುಟ್ಟು ಕಾಯುವ ಒಂದು ದಾಖಲೆಗೆ ಸೇರಿಸಿ, ಅವಳ ಒಪ್ಪಿಗೆ ಪಡೆದು, ವರ್ಷಕ್ಕೊಮ್ಮೆ ಮುಟ್ಟು, ರಕ್ತ, ಗರ್ಭಕಂಠ ನೋಡಬೇಕು. ತುಮಕೂರಿನ ಕಾಲೇಜುಗಳು ಪ್ರತಿ ವರ್ಷ ಹೊಸ ವಿಷಯ ಹುಡುಕುವ ಬದಲು, ಈ ಒಂದೇ ಅಧ್ಯಯನವನ್ನು ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಹತ್ತು ವರ್ಷ ದಾಟಿಸಿದರೆ, ಗರ್ಭಕೋಶ ತೆಗೆಯುವುದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ನಮ್ಮದೇ ಹೆಣ್ಣುಮಕ್ಕಳ ಪುರಾವೆ ಇಟ್ಟುಕೊಂಡು ಹೇಳುವ ಅರ್ಹತೆ ನಮಗೆ ಬರುತ್ತದೆ.