ಎಪಿಟೋಪ್ ಟ್ಯಾಗ್ ಮತ್ತು ಮೊನೊಕ್ಲೋನಲ್ ಪ್ರತಿಕಾಯ

ಜೀವಕೋಶದ ಸಾವಿರಾರು ಪ್ರೋಟೀನ್‌ಗಳ ನಡುವೆ ಬೇಕಾದ ಒಂದನ್ನು ಪತ್ತೆಹಚ್ಚುವ ಪ್ರಯೋಗಾಲಯ ವಿಧಾನ. ಪ್ರತಿಕಾಯ ಅಂಟಿಕೊಳ್ಳುವ ಭಾಗಕ್ಕೆ ಎಪಿಟೋಪ್ ಎಂದು ಹೆಸರು. ಕೆಲವೇ ಅಮೈನೊ ಆಮ್ಲಗಳ ಇಂಥ ಎಪಿಟೋಪನ್ನು ಟ್ಯಾಗ್ ಆಗಿ ಪ್ರೋಟೀನಿನ ತುದಿಗೆ ಸೇರಿಸಿ, ಅದನ್ನು ಗುರುತಿಸುವ ಪ್ರತಿಕಾಯದಿಂದ ಇಡೀ ಪ್ರೋಟೀನನ್ನು ಹಿಡಿಯಲಾಗುತ್ತದೆ.

ಇದಕ್ಕೊಂದು ಹೋಲಿಕೆ: ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲಿನ ಬಣ್ಣ ಯಾವುದೇ ಇರಲಿ, ಸೆರಗು ಕಂಡರೆ ಇಳಕಲ್ ಸೀರೆಯೆಂದು ತಿಳಿಯುತ್ತದೆ. ಟ್ಯಾಗಿನ ವಿಷಯದಲ್ಲಿ ಈ ಕೊಂಡಿ ಬೀಳುವುದು ಜೀನಿನಲ್ಲಿ. ಟ್ಯಾಗಿನ ಸಂಕೇತವನ್ನು ಜೀನಿಗೆ ಸೇರಿಸಿದರೆ, ಕೋಶವೇ ಪ್ರೋಟೀನನ್ನೂ ಟ್ಯಾಗನ್ನೂ ಒಂದೇ ಸರಪಳಿಯಾಗಿ ಕಟ್ಟುತ್ತದೆ.

ಇತಿಹಾಸ: ಹಿಂದೆ ಪ್ರತಿಯೊಂದು ಪ್ರೋಟೀನಿಗೂ ಮೊಲದಂಥ ಪ್ರಾಣಿಗಳಲ್ಲಿ ಬೇರೆ ಬೇರೆ ಪ್ರತಿಕಾಯ ಬೆಳೆಸಬೇಕಿತ್ತು. ತಿಂಗಳುಗಳ ಕೆಲಸದ ಕೊನೆಗೆ ಸಿಗುತ್ತಿದ್ದುದು ಹಲವು ಪ್ರತಿಕಾಯಗಳ ಮಿಶ್ರಣ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇಲಿಯ ಪ್ರತಿಕಾಯಜನಕ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು, ಒಂದೇ ಬಗೆಯ, ಅಂದರೆ ಮೊನೊಕ್ಲೋನಲ್, ಪ್ರತಿಕಾಯವನ್ನು ನಿರಂತರವಾಗಿ ನೀಡುವ ಕೋಶಸಂತತಿಯನ್ನು ಪಡೆದರು. 1984ರಲ್ಲಿ ಇಬ್ಬರಿಗೂ ನೀಲ್ಸ್ ಯರ್ನೆ ಅವರೊಂದಿಗೆ ನೊಬೆಲ್ ದೊರೆಯಿತು. ಅದೇ ವರ್ಷ ಕೇಂಬ್ರಿಜ್‌ನಲ್ಲೇ ಶಾನ್ ಮನ್ರೊ ಮತ್ತು ಹ್ಯೂ ಪೆಲ್ಹಮ್ ಹಣ್ಣುನೊಣದ ಶಾಖಾಘಾತ ಪ್ರೋಟೀನಿಗೆ ‘ಸಬ್‌ಸ್ಟೆನ್ಸ್ ಪಿ’ ಎಂಬ ನರಪೆಪ್ಟೈಡಿನ ತುಣುಕನ್ನು ಜೋಡಿಸಿ ಪತ್ತೆಹಚ್ಚಿದರು. 1985ರಲ್ಲಿ ಮಾನವ ಮಿಕ್ ಪ್ರೋಟೀನಿನ ವಿರುದ್ಧ 9ಇ10 ಪ್ರತಿಕಾಯ ಬಂತು; ಅದು ಹಿಡಿಯುವ 10 ಅಮೈನೊ ಆಮ್ಲಗಳ ತುಣುಕೇ ಮಿಕ್ ಟ್ಯಾಗ್. 1988ರಲ್ಲಿ ಫ್ಲೂ ವೈರಸ್ಸಿನಿಂದ ಪಡೆದ 9 ಅಮೈನೊ ಆಮ್ಲಗಳ ಎಚ್‌ಎ ಟ್ಯಾಗನ್ನು ಯೀಸ್ಟಿನ ಪ್ರೋಟೀನ್ ಶುದ್ಧೀಕರಣಕ್ಕೆ ಬಳಸಲಾಯಿತು. ಅದೇ ವರ್ಷ ಪ್ರಕಟವಾದ 8 ಅಮೈನೊ ಆಮ್ಲಗಳ ಫ್ಲ್ಯಾಗ್, ಈ ಕೆಲಸಕ್ಕೆಂದೇ ವಿನ್ಯಾಸಗೊಂಡ ಟ್ಯಾಗ್.

ಬಳಕೆ: ವೆಸ್ಟರ್ನ್ ಬ್ಲಾಟ್ ಪ್ರೋಟೀನಿನ ಇರವನ್ನೂ ಅಂದಾಜು ಗಾತ್ರವನ್ನೂ ತಿಳಿಸುತ್ತದೆ, ಪ್ರತಿದೀಪ್ತ ಸೂಕ್ಷ್ಮದರ್ಶನ ಅದು ಕೋಶದಲ್ಲಿ ಇರುವ ಜಾಗವನ್ನು ತೋರಿಸುತ್ತದೆ, ಪ್ರತಿಕಾಯ ಲೇಪಿಸಿದ ಮಣಿಗಳು ಅದನ್ನೂ ಅದರ ಸಂಗಾತಿಗಳನ್ನೂ ಹೊರಗೆಳೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳ ಪ್ರಯೋಗಾಲಯಗಳಲ್ಲಿ ಇವು ನಿತ್ಯದ ಕೆಲಸಗಳು.

ಮಿತಿಗಳು: ಟ್ಯಾಗ್ ಪ್ರೋಟೀನಿನ ಮಡಿಕೆಯೊಳಗೆ ಮುಚ್ಚಿಹೋಗಬಹುದು, ಪ್ರೋಟೀನಿನ ಕೆಲಸವನ್ನೋ ನೆಲೆಯನ್ನೋ ಕೆಡಿಸಬಹುದು. 9ಇ10 ಮಾನವ ಕೋಶದ ಸಹಜ ಮಿಕ್ ಪ್ರೋಟೀನನ್ನೂ ಹಿಡಿಯುತ್ತದೆ. ಆದ್ದರಿಂದ ಟ್ಯಾಗ್ ಇಲ್ಲದ ಮಾದರಿಯನ್ನು ಪಕ್ಕದಲ್ಲಿಟ್ಟು ಹೋಲಿಸದೆ ಯಾವ ಫಲಿತಾಂಶವನ್ನೂ ನಂಬಬಾರದು. ಪ್ರತಿಕಾಯ ಗುರುತಿಸುವುದು ಟ್ಯಾಗನ್ನು ಮಾತ್ರ. ಅದು ಯಾವ ಪ್ರೋಟೀನಿನ ಮೇಲಿದೆ ಎಂಬುದನ್ನು ಸಾಬೀತುಪಡಿಸುವ ಹೊಣೆ ಸಂಶೋಧಕರದು.