ಕಡಲೇ ಗೋಡೆಯಾದ ಜೈಲು

"ಜೈಲಲ್ಲಿ ಹೊತ್ತಿಗೆ ಊಟ, ಟಿವಿ. ಅದೆಂಥ ಶಿಕ್ಷೆ ಸಾರ್?" ಅಂತ ಮಕ್ಕಳು ಕೇಳ್ತಾರೆ. ಆಗ ಹೈದರಾಬಾದಿನ ಬೇಗಂ ಬಜಾರ್ ನೆನಪಾಗುತ್ತದೆ.

ಆ ಬಜಾರಿನವನೇ ತುರ್ರೇಬಾಜ್ ಖಾನ್. 1857ರ ಜುಲೈ 17ರಂದು ಅವನೂ ಮೌಲ್ವಿ ಅಲಾವುದ್ದೀನರೂ ರೊಹಿಲ್ಲಾಗಳನ್ನು ಕಟ್ಟಿಕೊಂಡು ಬ್ರಿಟಿಷ್ ರೆಸಿಡೆನ್ಸಿಗೆ ನುಗ್ಗಿದರು, ಸೋತರು. ಇಬ್ಬರಿಗೂ ಕಾಲಾಪಾನಿ, ಅಂದರೆ ಸಾಯುವವರೆಗೆ ಅಂಡಮಾನ್. ಖಾನ್ ಹಡಗು ಹತ್ತಲೇ ಇಲ್ಲ. 1859ರ ಜನವರಿಯಲ್ಲಿ ಸೆರೆಯಿಂದ ತಪ್ಪಿಸಿಕೊಂಡ; ಕೆಲವೇ ದಿನಗಳಲ್ಲಿ ತೂಪ್ರಾನ್ ಬಳಿ ಗುಂಡಿಗೆ ಬಿದ್ದ. ಹೆಣವನ್ನು ಹೈದರಾಬಾದಿಗೆ ತಂದು ಜನರಿಗೆ ಕಾಣುವಂತೆ ತೂಗುಹಾಕಿದರು.

ಮೌಲ್ವಿ ಸಾಹೇಬರು ಅದೇ ವರ್ಷ ಅಂಡಮಾನಿಗೆ ಹೋದರು. ಅವರು ಸೆಲ್ಯುಲರ್ ಜೈಲಿನಲ್ಲಿದ್ದರು ಅಂತ ಎಷ್ಟೋ ಕಡೆ ಬರೆದಿದ್ದಾರೆ. ತಪ್ಪು. ಅದನ್ನು ಕಟ್ಟಲು ಶುರುಮಾಡಿದ್ದೇ 1896ರಲ್ಲಿ. ಇವರು 1880ರ ದಶಕದಲ್ಲೇ ಅಲ್ಲಿ ತೀರಿಕೊಂಡಿದ್ದರು. ನಮಗೆ ಶಿಕ್ಷೆ ಅಂದರೆ ಕತ್ತಲಕೋಣೆ, ಎಣ್ಣೆಗಾಣ ಕಾಣಬೇಕು, ಇಲ್ಲದಿದ್ದರೆ ನಂಬಿಕೆ ಬರೋದಿಲ್ಲ! ಕಾಡು ಕಡಿಯುವ ದುಡಿಮೆ, ಜ್ವರ ಅಲ್ಲೂ ಇದ್ದವು, ನಿಜ. ಆದರೆ ಕಡಲೇ ಗೋಡೆ. ಮಕ್ಕಾ ಮಸೀದಿಯ ಮೌಲ್ವಿ, 20 ವರ್ಷಕ್ಕೂ ಹೆಚ್ಚು ಕಾಲ ಆ ಮಸೀದಿಯ ಅಜಾನ್ ಕೇಳಲಿಲ್ಲ. ಮನೆಯವರ ಜನಾಜಕ್ಕೆ ಹೆಗಲು ಕೊಡೋಣವೆಂದರೂ ದಾರಿಯಿರಲಿಲ್ಲ.

ಮಕ್ಕಳಿಗೆ ನಾನು ಕೇಳೋದು ಇಷ್ಟೇ: ಅಲ್ಲಿ ಅವರಿಗೆ ಟಿವಿ ಕೊಟ್ಟಿದ್ದರೆ?