ಅರಳುಮರಳು ಮತ್ತು ರಕ್ತನಾಳ: ಒಂದು ಹಳೆಯ ಕಥೆ

ನಮ್ಮ ಕಡೆ ‘ಅರವತ್ತಕ್ಕೆ ಅರಳುಮರಳು’ ಅನ್ನುತ್ತೇವೆ. ಅಜ್ಜಿ ಉಂಡದ್ದು ಮರೆತು ಮತ್ತೆ ತಟ್ಟೆ ಹಿಡಿದರೆ, ಅಜ್ಜ ಹೊಲದಿಂದ ಮನೆಗೆ ಬರುವ ದಾರಿ ತಪ್ಪಿದರೆ, ವಯಸ್ಸಾಯ್ತು ಬಿಡಿ ಎಂದು ಸುಮ್ಮನಾಗುತ್ತೇವೆ. ನೂರಿಪ್ಪತ್ತು ವರ್ಷದ ಹಿಂದೆ ಜರ್ಮನಿಯಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು. ಮುಪ್ಪಿನಲ್ಲಿ ಮಿದುಳಿನ ರಕ್ತನಾಳ ಗಡುಸಾಗುತ್ತದೆ, ಅದಕ್ಕೇ ಮರೆವು ಎಂದು ಅಲ್ಲಿನ ಡಾಕ್ಟರುಗಳು ಹೇಳುತ್ತಿದ್ದರು.

1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಊರಿನ ಆಸ್ಪತ್ರೆಗೆ ಅಗುಸ್ಟೆ ಡೆಟರ್ ಎಂಬ ಹೆಂಗಸು ಬಂದರು. ವಯಸ್ಸು ಬರೀ 51. ಗಂಡನ ಹೆಸರೇನು ಎಂದು ಡಾಕ್ಟರ್ ಅಲೋಯ್ಸ್ ಆಲ್ಝೈಮರ್ ಕೇಳಿದರೆ ತಮ್ಮ ಹೆಸರನ್ನೇ ಹೇಳಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಅವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶದೊಳಗೆ ಸಿಕ್ಕುಸಿಕ್ಕಾದ ಎಳೆ, ಹೊರಗೆ ಗಟ್ಟಿಯಾದ ಮಚ್ಚೆ. ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ಡಾಕ್ಟರುಗಳ ಸಭೆಗೆ ಇದನ್ನು ವಿವರಿಸಿದಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ! 1910ರಲ್ಲಿ ಕ್ರೇಪೆಲಿನ್ ತಮ್ಮ ಪುಸ್ತಕದಲ್ಲಿ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ಟರು.

ಅಗುಸ್ಟೆಯ ದೊಡ್ಡ ರಕ್ತನಾಳಗಳೂ ಗಡುಸಾಗಿದ್ದವೆಂದು ಆ ವರದಿಯಲ್ಲೇ ಇದೆ. ಆ ಸಾಲನ್ನು ಹೆಚ್ಚಿನವರು ಮರೆತರು. ನಡುವಯಸ್ಸಿನವರ ಮರೆವಿಗೆ ಆಲ್ಝೈಮರ್, ಮುದುಕರದ್ದಕ್ಕೆ ರಕ್ತನಾಳ ಎಂದು ಪಾಲು ಹಂಚಿದಂತಾಯಿತು. 1960ರ ದಶಕದ ಕೊನೆಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ತೀರಿಹೋದ ವೃದ್ಧರ ಮಿದುಳು ಪರೀಕ್ಷಿಸಿದಾಗ ಅಲ್ಲೂ ಅದೇ ಮಚ್ಚೆ ಸಿಕ್ಕವು. ಆಮೇಲೆ ಎಲ್ಲರ ಕಣ್ಣೂ ಮಚ್ಚೆಯ ಮೇಲೆ. ರಕ್ತನಾಳವನ್ನು ಕೇಳುವವರು ಕಡಿಮೆಯಾದರು.

ಮತ್ತೆ ಅತ್ತ ತಿರುಗಿಸಿದವರಲ್ಲಿ ಅಮೆರಿಕದ ಕ್ರೈಸ್ತ ಸನ್ಯಾಸಿನಿಯರೂ ಇದ್ದಾರೆ. 678 ಮಂದಿ, ಸತ್ತ ಮೇಲೆ ತಮ್ಮ ಮಿದುಳು ಕೊಡಲು ಒಪ್ಪಿದ್ದರು. ಡೇವಿಡ್ ಸ್ನೋಡನ್ ತಂಡ 1997ರಲ್ಲಿ ಹೇಳಿದ್ದು ಇದು: ಮಿದುಳಿನಲ್ಲಿ ಆಲ್ಝೈಮರ್ ಗುರುತು ಇದ್ದವರಲ್ಲಿ, ಒಳಭಾಗದ ಸಣ್ಣ ರಕ್ತನಾಳವೂ ಕಟ್ಟಿದ್ದರೆ ನೂರಕ್ಕೆ 93 ಮಂದಿಗೆ ಬದುಕಿದ್ದಾಗ ಬುದ್ಧಿ ಮಸುಕಾಗಿತ್ತು, ಹಾಗೆ ಕಟ್ಟಿರದವರಲ್ಲಿ 57. ಅಂದರೆ ಮಚ್ಚೆ ಇದ್ದೂ ಹಲವರು ನೆಟ್ಟಗೇ ಬಾಳಿ ಹೋಗಿದ್ದರು.

ರಕ್ತನಾಳ ಕೆಡಿಸುವುದು ಯಾವುದೆಂದು ನಮಗೆ ಗೊತ್ತೇ ಇದೆ. ಬಿಪಿ, ಶುಗರ್, ಬೀಡಿ. ಫಿನ್ಲೆಂಡಿನಲ್ಲಿ 1,260 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಎರಡು ವರ್ಷ ಊಟದ ಪಥ್ಯ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ ಮೇಲೆ ಕಣ್ಣು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬುದ್ಧಿಶಕ್ತಿಯ ಒಟ್ಟು ಅಂಕದಲ್ಲಿ ಆ ಗುಂಪೇ ಮುಂದಿತ್ತು. ಕಾಯಿಲೆ ಬರುವುದೇ ಇಲ್ಲ ಎಂದು ಅದರ ಅರ್ಥವಲ್ಲ.

ನಮ್ಮ ಬಳಗದ ಒಬ್ಬರ ಅಜ್ಜಿ ತಲೆ ಸುತ್ತಿದ ದಿನ ಮಾತ್ರ ಬಿಪಿ ಮಾತ್ರೆ ನುಂಗುತ್ತಿದ್ದರು. ಬಿಪಿ ಏರಿದ್ದು ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ ಎಂದು ಆಗ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ಅವರಿಗೆ ಮಗಳ ಹೆಸರು ನೆನಪಿಲ್ಲ. ದಿನಾ ನುಂಗಿದ್ದರೆ ತಪ್ಪುತ್ತಿತ್ತೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ.

ಈ ಕಥೆಯ ಮುಂದಿನ ಪುಟ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದೆ. ಮಾವಿಗೆ ಹೆಸರಾದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸುವ ಗುರಿ ಇಟ್ಟುಕೊಂಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಧ್ಯಯನ ನಡೆಸುತ್ತಿದೆ. ರಕ್ತ, ನೆನಪು, ಮಿದುಳಿನ ಸ್ಕ್ಯಾನ್, ಎಲ್ಲವನ್ನೂ ವರ್ಷಗಟ್ಟಲೆ ಮತ್ತೆಮತ್ತೆ ನೋಡುತ್ತಾರೆ. ಅಲ್ಲಿ ಕೈಚಾಚಿ ರಕ್ತ ಕೊಡುತ್ತಿರುವವರು ನಮ್ಮಂಥ ರೈತ, ಕೂಲಿ ಮನೆಗಳ ಜನ.